ಕುರಿಬಾಯಾಶಿ: ಸೇನಾನಿಯ ವೃತ್ತಿಜೀವನ ಮತ್ತು ಒಂದು ಪಾಠಾಂತರ

ಸೇನಾನಿಗಳ ಜೀವನವನ್ನು ಸೋಲುಗೆಲುವುಗಳ ಪಟ್ಟಿಯಾಗಿ ನೋಡುವುದು ಇತಿಹಾಸ ಬರವಣಿಗೆಯಲ್ಲಿ ರೂಢಿ. ಜಪಾನಿನ ಸೇನಾನಿ ತಾದಾಮಿಚಿ ಕುರಿಬಾಯಾಶಿಯ ವೃತ್ತಿಜೀವನವು ಇದರೊಡನೆ ಪಠ್ಯಸಂಬಂಧಿಯಾದ ಪ್ರಶ್ನೆಯೊಂದನ್ನೂ ಮುಂದಿಡುತ್ತದೆ. ಅವನು ರಣರಂಗದಿಂದ ಬರೆದು ಕಳುಹಿಸಿದ್ದು ಒಂದು; ಅವನ ದೇಶದ ಜನರು ಪತ್ರಿಕೆಗಳಲ್ಲಿ ಓದಿದ್ದು ಮತ್ತೊಂದು.

1891ರಲ್ಲಿ ನಾಗಾನೊ ಪ್ರಾಂತದಲ್ಲಿ ಜನಿಸಿದ ಕುರಿಬಾಯಾಶಿಯು 1914ರಲ್ಲಿ ಸೇನಾ ಅಕಾಡೆಮಿಯಿಂದ ಹೊರಬಂದು ಅಶ್ವದಳವನ್ನು ಸೇರಿದನು. 1923ರಲ್ಲಿ ಸೇನಾ ಮಹಾವಿದ್ಯಾಲಯದ ಶಿಕ್ಷಣವನ್ನು ಎರಡನೆಯ ಸ್ಥಾನದೊಡನೆ ಮುಗಿಸಿದನು. 1928ರಲ್ಲಿ ಅಮೆರಿಕಕ್ಕೆ ನಿಯೋಜಿತನಾಗಿ, ಮುಂದೆ ಕೆನಡಾದಲ್ಲಿಯೂ ಸೇವೆ ಸಲ್ಲಿಸಿದನು. ಅಮೆರಿಕದಿಂದ ಪುಟ್ಟ ಮಗನಿಗೆ ಚಿತ್ರಗಳನ್ನು ಬಿಡಿಸಿ ಪತ್ರಗಳನ್ನು ಕಳುಹಿಸುತ್ತಿದ್ದನು. ಆ ದೇಶದ ಕೈಗಾರಿಕಾ ಶಕ್ತಿಯನ್ನು ಕಣ್ಣಾರೆ ಕಂಡಿದ್ದ ಅವನು, ಜಪಾನು ಅದರೊಡನೆ ಯುದ್ಧಕ್ಕಿಳಿಯಬಾರದೆಂಬ ಅಭಿಪ್ರಾಯವನ್ನು ತಳೆದಿದ್ದನು.

ಆದರೆ ಈ ಅಭಿಪ್ರಾಯವು ಅವನನ್ನು ಯುದ್ಧದಿಂದ ದೂರವಿರಿಸಲಿಲ್ಲ. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗನ್ನು ವಶಪಡಿಸಿಕೊಂಡ 23ನೆಯ ಸೈನ್ಯಕ್ಕೆ ಅವನು ಮುಖ್ಯ ಸಿಬ್ಬಂದಿ ಅಧಿಕಾರಿಯಾಗಿದ್ದನು. ಆ ಕಾರ್ಯಾಚರಣೆಯಲ್ಲಿ ಗಾಯಾಳುಗಳೂ ಶುಶ್ರೂಷಕಿಯರೂ ಜಪಾನಿ ಸೈನಿಕರ ಕ್ರೌರ್ಯಕ್ಕೆ ಬಲಿಯಾದರು. ಪತ್ರಗಳಲ್ಲಿ ಕಾಣುವ ಮೃದು ಹೃದಯದ ತಂದೆಯನ್ನು ಕುರಿತು ಬರೆಯುವವರು ಈ ಸಂಗತಿಯನ್ನು ಬದಿಗಿಡುವಂತಿಲ್ಲ.

1944ರ ಜೂನ್ ತಿಂಗಳಿನಲ್ಲಿ ಅವನು ಇವೋ ಜಿಮಾ ದ್ವೀಪದ ರಕ್ಷಣೆಯ ಹೊಣೆ ಹೊತ್ತನು. ಟೋಕಿಯೊದಿಂದ ಸುಮಾರು 1,200 ಕಿ.ಮೀ. ದಕ್ಷಿಣಕ್ಕಿರುವ ಈ ಗಂಧಕದ ದ್ವೀಪದಲ್ಲಿ ಸಿಹಿನೀರಿನ ಸೆಲೆಗಳಿರಲಿಲ್ಲ. ಶತ್ರುವನ್ನು ಕಡಲತಡಿಯಲ್ಲಿಯೇ ತಡೆಯಬೇಕೆಂಬ ಸಾಂಪ್ರದಾಯಿಕ ತಂತ್ರವನ್ನು ಅವನು ಕೈಬಿಟ್ಟನು. ಬಿಸಿ ನೆಲದೊಳಗೆ ಸುಮಾರು 18 ಕಿ.ಮೀ. ಉದ್ದದ ಸುರಂಗಗಳನ್ನು ಕೊರೆಯಿಸಿ, ಪ್ರಾಣದ ಹಂಗು ತೊರೆದು ಗುಂಪಾಗಿ ಮುನ್ನುಗ್ಗುವ ದಾಳಿಗಳನ್ನು ನಿಷೇಧಿಸಿದನು. ಗೆಲ್ಲುವುದಲ್ಲ, ದಿನಗಳನ್ನು ಗಳಿಸುವುದೇ ಅವನ ಗುರಿಯಾಗಿತ್ತು. ಇದೇ ಅವಧಿಯಲ್ಲಿ ಅವನು ಮನೆಯ ಅಡುಗೆಕೋಣೆಯ ನೆಲದ ಸಂದಿಯಿಂದ ಬರುವ ಶೀತಗಾಳಿಯ ಬಗ್ಗೆ ಹೆಂಡತಿಗೆ ಪತ್ರ ಬರೆದು ಚಿಂತಿಸಿದ್ದನು.

1945ರ ಫೆಬ್ರವರಿ 19ರಂದು ಅಮೆರಿಕದ ಪಡೆಗಳು ದ್ವೀಪದ ಮೇಲೆ ಇಳಿದವು. ಕೆಲವೇ ದಿನಗಳಲ್ಲಿ ಮುಗಿಯಬಹುದೆಂದು ಭಾವಿಸಲಾಗಿದ್ದ ಕಾಳಗವು ಮಾರ್ಚ್ 26ರವರೆಗೆ ನಡೆಯಿತು. ಅಮೆರಿಕದ ಸುಮಾರು 6,800 ಮಂದಿ ಮಡಿದರು. ದ್ವೀಪದಲ್ಲಿದ್ದ 20,000ಕ್ಕೂ ಹೆಚ್ಚು ಜಪಾನೀಯರಲ್ಲಿ ಬದುಕುಳಿದವರು ಸುಮಾರು ಸಾವಿರ ಮಂದಿ ಮಾತ್ರ. ಕುರಿಬಾಯಾಶಿಯ ಶವವು ಪತ್ತೆಯಾಗಲಿಲ್ಲ.

ಮಾರ್ಚ್ 16ರಂದು ಅವನು ಪ್ರಧಾನ ಕಚೇರಿಗೆ ಕಳುಹಿಸಿದ ವಿದಾಯದ ತಂತಿಸಂದೇಶದ ಕೊನೆಯಲ್ಲಿ ಮೂರು ತಂಕಾ ಪದ್ಯಗಳಿದ್ದವು. ಮೊದಲನೆಯ ಪದ್ಯವು ‘ಕನಶಿಕಿ’ ಎಂಬ ಪದದಿಂದ ಮುಗಿಯುತ್ತದೆ. ಇದರ ಅರ್ಥ ದುಃಖ. ಮಾರ್ಚ್ 22ರ ಪತ್ರಿಕೆಗಳಲ್ಲಿ ಪ್ರಕಟವಾದಾಗ ಆ ಸ್ಥಾನದಲ್ಲಿ ‘ಕುಚಿಓಶಿ’ ಎಂಬ ಪದವಿತ್ತು. ಇದು ಹಂಬಲ ಕೈಗೂಡದಿದ್ದಾಗ ಹುಟ್ಟುವ ಕೆಚ್ಚು ಬೆರೆತ ಪರಿತಾಪವನ್ನು ಸೂಚಿಸುತ್ತದೆ. ತನ್ನ ಸೈನಿಕರು ಬರಿಗೈಯಲ್ಲಿ ಕಾದಿದಂತಿತ್ತೆಂಬ ಗದ್ಯದ ಮಾತೂ ಪ್ರಕಟಿತ ಪಾಠದಲ್ಲಿ ಇರಲಿಲ್ಲ. 2005ರಲ್ಲಿ ಪ್ರಕಟವಾದ ಕುಮಿಕೊ ಕಾಕೆಹಾಶಿಯವರ ಕೃತಿಯು ಈ ವ್ಯತ್ಯಾಸಗಳನ್ನು ವಿಸ್ತಾರವಾಗಿ ಚರ್ಚಿಸಿದೆ.

ಗ್ರಂಥಸಂಪಾದನೆಯಲ್ಲಿ ಪಾಠಾಂತರವನ್ನು ಬಹುಮಟ್ಟಿಗೆ ಲಿಪಿಕಾರನ ಪ್ರಮಾದವೆಂದು ಗ್ರಹಿಸಲಾಗುತ್ತದೆ. ಇಲ್ಲಿರುವುದು ಪ್ರಮಾದವಲ್ಲ, ಪ್ರಭುತ್ವದ ಸಂಪಾದನೆ. ಶೋಕವನ್ನು ಸ್ಥಾಯಿಯಾಗಿ ಉಳ್ಳ ಪದ್ಯವೊಂದನ್ನು ಒಂದೇ ಪದದ ಬದಲಾವಣೆಯಿಂದ ವೀರದ ಕಡೆಗೆ ತಿರುಗಿಸಲಾಯಿತು. ಸೋಲಿನ ಅಂಚಿನಲ್ಲಿದ್ದ ಪ್ರಭುತ್ವಕ್ಕೆ ಸೇನಾಧಿಪತಿಯ ಸಾವು ಬೇಕಾಗಿತ್ತು, ಅವನ ದುಃಖ ಬೇಕಾಗಿರಲಿಲ್ಲ.

1994ರಲ್ಲಿ ಅಂದಿನ ಚಕ್ರವರ್ತಿ ಅಕಿಹಿತೊ ಇವೋ ಜಿಮಾಗೆ ಭೇಟಿ ನೀಡಿ, ಅಲ್ಲಿ ಮಡಿದವರನ್ನು ಕುರಿತು ಪದ್ಯವೊಂದನ್ನು ರಚಿಸಿದರು. ಅದರ ಕೊನೆಯ ಪದವೂ ‘ಕನಶಿಕಿ’. 49 ವರ್ಷಗಳ ಹಿಂದೆ ಅಳಿಸಲಾಗಿದ್ದ ಪದವು ಹೀಗೆ ಆ ದ್ವೀಪಕ್ಕೆ ಮರಳಿತು.