ಕಿವಿಗೆ ಬಿದ್ದ ಮಾತು

ಗುಂಡ್ಲುಪೇಟೆಯಲ್ಲಿ ನೆಲೆಸಿರುವ ನಮ್ಮ ದೊಡ್ಡಣ್ಣನವರು ಮೂವತ್ತನಾಲ್ಕು ವರ್ಷ ಶಾಲಾ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಲೆಕ್ಕದಲ್ಲಿ ಬಹಳ ನಿಷ್ಠುರರು. ಸಂತೆಯಿಂದ ತಂದ ತೆಂಗಿನಕಾಯಿಯ ಹಣವನ್ನೂ ದಿನಚರಿಯಲ್ಲಿ ಬರೆದಿಡುವ ಸ್ವಭಾವ. ಅಂತಹವರು 2024ರ ಆಷಾಢದಲ್ಲಿ ಇದ್ದಕ್ಕಿದ್ದಂತೆ ಮೌನಿಗಳಾದರು. ಸಂಜೆಯ ತಿರುಗಾಟ ನಿಂತಿತು. ಮನೆಗೆ ಬಂದವರೊಡನೆ ಮಾತಿಲ್ಲ. ಫೋನು ಸದ್ದು ಮಾಡಿದರೆ ಎದ್ದು ಒಳಗೆ ಹೋಗುವರು. ಅತ್ತಿಗೆಯವರು ದೇಹಕ್ಕೆ ಏನೋ ಆಗಿದೆಯೆಂದು ಹೆದರಿ ನನ್ನನ್ನು ಚಾಮರಾಜನಗರದಿಂದ ಕರೆಸಿಕೊಂಡರು. ನಾನು ಹೋಗಿ ಎರಡು ದಿನ ಜೊತೆಗಿದ್ದ ಮೇಲೆ ಅವರು ಬಾಯಿಬಿಟ್ಟರು. ನಿವೃತ್ತಿಯ ಕಾಲದಲ್ಲಿ ಬಂದು ಬ್ಯಾಂಕಿನಲ್ಲಿ ಕೂಡಿಟ್ಟಿದ್ದ ಹಣದಲ್ಲಿ ಎಂಟು ಲಕ್ಷ ರೂಪಾಯಿಗಳು ಹೊರಟುಹೋಗಿ ಅಂದಿಗೆ ಮೂರು ವಾರಗಳಾಗಿದ್ದವು.

ನಡೆದದ್ದು ಇಷ್ಟು. ಒಂದು ಬೆಳಿಗ್ಗೆ ಕರೆ ಬಂದಿತು. ತಮ್ಮ ಹೆಸರಿನ ಪೊಟ್ಟಣವೊಂದು ಮುಂಬಯಿಯಲ್ಲಿ ಸಿಕ್ಕಿದೆ, ಅದರಲ್ಲಿ ಮಾದಕ ವಸ್ತುವಿದೆ, ತಮ್ಮ ಆಧಾರ್ ಸಂಖ್ಯೆ ಅದರ ಮೇಲಿದೆ ಎಂದು ಹೇಳಿದರಂತೆ. ಬಳಿಕ ಮೊಬೈಲಿನ ಪರದೆಯ ಮೇಲೆ ಪೊಲೀಸ್ ಸಮವಸ್ತ್ರ ಧರಿಸಿದ ಒಬ್ಬಾತ ಕಾಣಿಸಿಕೊಂಡ. ಹಿಂದೆ ಕಚೇರಿಯ ಗೋಡೆ, ಲಾಂಛನ, ಧ್ವಜ. ಸುಪ್ರೀಂ ಕೋರ್ಟಿನ ಆದೇಶವೆಂದು ಮೊಹರು ಹಾಕಿದ ಕಾಗದವನ್ನೂ ಕಳಿಸಿದರು. ತಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಲಾಗಿದೆ, ಕೋಣೆಯಿಂದ ಹೊರಬರಕೂಡದು, ಹೆಂಡತಿಗೂ ಹೇಳಕೂಡದು ಎಂಬ ಅಪ್ಪಣೆಯಾಯಿತು. ಆ ಇಡೀ ದಿನ ಮತ್ತು ರಾತ್ರಿ ಅಣ್ಣನವರು ಪರದೆಯ ಎದುರೇ ಕುಳಿತಿದ್ದರು. ಅತ್ತಿಗೆಯವರು ಕೊಟ್ಟ ಊಟವನ್ನು ಬಾಗಿಲ ಬಳಿಯೇ ಪಡೆದು, ಪಿಂಚಣಿಯ ಕೆಲಸವಿದೆ ಎಂದು ಸುಳ್ಳು ಹೇಳಿದರು. ಮರುದಿನ 'ತನಿಖೆ ಮುಗಿದ ಕೂಡಲೇ ಹಿಂತಿರುಗಿಸುವ' ಮಾತಿನ ಮೇಲೆ ಹಣವನ್ನು ತಾವೇ ಬ್ಯಾಂಕಿಗೆ ಹೋಗಿ, ತಾವೇ ರುಜು ಹಾಕಿ ವರ್ಗಾಯಿಸಿದರು. ವೃದ್ಧರೊಬ್ಬರು ನಡುಗುವ ಕೈಯಿಂದ ಇಷ್ಟು ಹಣವನ್ನು ಗುರುತಿಲ್ಲದ ಖಾತೆಗೆ ಕಳಿಸುತ್ತಿದ್ದರೂ ಅಲ್ಲಿ ಯಾರೂ ಏಕೆಂದು ಕೇಳಲಿಲ್ಲ.

'ನಾನು ಓದಿದವನು, ಹೇಗೆ ನಂಬಿದೆ?' ಎಂದು ಅವರು ನನ್ನನ್ನು ಕೇಳಿದರು. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ನಮ್ಮ ಜಿಲ್ಲೆಯವರಿಗೆ ಕಿವಿಗೆ ಬಿದ್ದ ಮಾತಿನ ಬಲ ಏನೆಂಬುದು ಚೆನ್ನಾಗಿ ಗೊತ್ತಿರಬೇಕು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮಾತನ್ನು ಕೇಳದೆ ಬೆಳೆದವರು ಇಲ್ಲಿ ಯಾರಿದ್ದಾರೆ? ಅರಿಕುಠಾರವೆಂಬ ಹಳೆಯ ಹೆಸರಿನ ಊರಿಗೆ ಒಡೆಯರ ಹೆಸರಿಟ್ಟು, ಚಾಮರಾಜೇಶ್ವರನ ಗುಡಿ ಕಟ್ಟಿಸಿದ ಅರಸುಮನೆತನಕ್ಕೆ ಈ ಊರು ಅಪಶಕುನವಾಗಿ ಕಾಣಲಿಲ್ಲ. ಪ್ರಜಾಪ್ರಭುತ್ವದ ನಾಯಕರಿಗೆ ಕಂಡಿತು! ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್. ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಪಟ್ಟಿಯನ್ನು ಜಪಮಾಲೆಯಂತೆ ಹೇಳುವವರು ನಮ್ಮಲ್ಲಿದ್ದಾರೆ. ಆದರೆ ಆ ಪಟ್ಟಿಯ ಒಂದೊಂದು ಹೆಸರನ್ನೂ ಬಿಡಿಸಿ ನೋಡಿದವರು ಎಷ್ಟು ಜನ? ಇಂದಿರಾ ಗಾಂಧಿಯವರು ಲೋಕಸಭೆ ಚುನಾವಣೆಯಲ್ಲಿ ಗೆದ್ದು ಬಂದಾಗ ಶಾಸಕರು ಪಕ್ಷ ಬದಲಿಸಿದ್ದರಿಂದ 1980ರಲ್ಲಿ ಅರಸರು ಹೋದರು. 1983ರಲ್ಲಿ ಗುಂಡೂರಾಯರ ಪಕ್ಷವನ್ನು ಮತದಾರರೇ ಸೋಲಿಸಿದರು. 1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿಯವರ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂದಿತು. ಆ ಮೊಕದ್ದಮೆಯಲ್ಲಿ 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಇಂದಿಗೂ ರಾಜ್ಯ ಸರ್ಕಾರಗಳಿಗೆ ಗುರಾಣಿಯಾಗಿದೆ. ಬಹುಮತವನ್ನು ಶಾಸನಸಭೆಯಲ್ಲಿಯೇ ಪರೀಕ್ಷಿಸಬೇಕೆಂದು ಹೇಳಿದ ತೀರ್ಪು ಅದು. ವೀರೇಂದ್ರ ಪಾಟೀಲರನ್ನು 1990ರಲ್ಲಿ, ಅವರು ಅಸ್ವಸ್ಥರಾಗಿದ್ದಾಗ, ಅವರ ಪಕ್ಷದ ವರಿಷ್ಠರೇ ಇಳಿಸಿದರು. ಇವುಗಳಲ್ಲಿ ಚಾಮರಾಜನಗರದ ಪಾಪವೇನು?

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ನಮ್ಮ ಜಿಲ್ಲೆ ಹುಟ್ಟಿದಾಗ ಮುಖ್ಯಮಂತ್ರಿಗಳಾಗಿದ್ದ ಜೆ. ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಿ ಅಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಊರಿಗೆ ಬಾರದೆ ಉಳಿದರೂ 1999ರಲ್ಲಿ ಅವರ ಪಕ್ಷ ಅಧಿಕಾರ ಕಳೆದುಕೊಂಡಿತು. ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಆಳಿದರು, 2023ರಲ್ಲಿ ಪುನಃ ಮುಖ್ಯಮಂತ್ರಿಗಳಾದರು. 2025ರ ಏಪ್ರಿಲ್ 24ರಂದು ಮಹದೇಶ್ವರ ಬೆಟ್ಟದಲ್ಲಿ ಸಚಿವ ಸಂಪುಟದ ಸಭೆಯನ್ನೇ ನಡೆಸಿದರು. ಇಷ್ಟಾದರೂ 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತಾಗ 'ನೋಡಿ, ನಾವು ಹೇಳಲಿಲ್ಲವೇ' ಎಂದವರನ್ನು ನಾನೇ ಸಂತೇಮರಹಳ್ಳಿ ವೃತ್ತದ ಚಹಾ ಅಂಗಡಿಯಲ್ಲಿ ಕಂಡಿದ್ದೇನೆ. ಗ್ರಹ, ತಿಥಿ, ಮುಹೂರ್ತಗಳನ್ನು ಎಂಟು ಶತಮಾನಗಳಿಗೂ ಹಿಂದೆ ತಳ್ಳಿಹಾಕಿದ ಶರಣರ ಮಕ್ಕಳು ನಾವು ಎಂದು ಸಭೆಯಲ್ಲಿ ಹೇಳಿಕೊಳ್ಳುತ್ತೇವೆ. ಚಹಾ ಅಂಗಡಿಯಲ್ಲಿ ಮರೆಯುತ್ತೇವೆ.

ಮೇಲಿನ ಪಟ್ಟಿಯಲ್ಲಿ ಹೆಗಡೆಯವರನ್ನು ಬೇಕೆಂದೇ ಬಿಟ್ಟೆ. ಅವರು 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ. ಒಬ್ಬರ ಖಾಸಗಿ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡರೆಂದು ಒಂದು ಸರ್ಕಾರದ ಮುಖ್ಯಸ್ಥರೇ ಸ್ಥಾನ ಬಿಡಬೇಕಾಗಿ ಬಂದ ಕಾಲ ಅದು. ಇಂದಿನ ದಿನದಲ್ಲಿ ನಾವು ಹೂವಿನ ಚಿತ್ರದ ಶುಭೋದಯ ಕಳಿಸುವ ಸಾಧನವೊಂದನ್ನು ಮೊಬೈಲಿಗೆ ಇಳಿಸಿಕೊಂಡು, ನಮ್ಮ ಸಂಪರ್ಕಗಳು, ಚಿತ್ರಗಳು, ಸಂದೇಶಗಳು ಎಲ್ಲವನ್ನೂ ಓದಲು ನಾವೇ 'ಅನುಮತಿಸು' ಎಂದು ಒತ್ತುತ್ತೇವೆ. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಹೇಳಿದ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಅವರು ಗೆದ್ದುಕೊಟ್ಟ ಹಕ್ಕನ್ನು ನಾವು ಹೂವಿನ ಚಿತ್ರಕ್ಕೆ ಮಾರುತ್ತಿದ್ದೇವೆ.

ಮಾತಿನ ಭಯವನ್ನು ನಮ್ಮ ಸೀಮೆ ಇನ್ನೊಮ್ಮೆ ಅನುಭವಿಸಿದ್ದು 2000ದ ಇಸವಿಯಲ್ಲಿ. ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವರನಟ ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದ. ಗಾಜನೂರು ತಮಿಳುನಾಡಿನ ತಾಳವಾಡಿಗೆ ಸೇರಿದರೂ ಭಾಷೆಯಿಂದ, ಬಾಂಧವ್ಯದಿಂದ ನಮ್ಮದೇ ನೆರೆ. ನವೆಂಬರ್ 15ರವರೆಗೆ, ನೂರೆಂಟು ದಿನ, ಕಾಡಿನಿಂದ ಧ್ವನಿಸುರುಳಿಗಳು ಬರುತ್ತಿದ್ದವು, ನಾಡಿನಿಂದ ಸಂಧಾನಕಾರರು ಹೋಗುತ್ತಿದ್ದರು. ನಡುವೆ ಉಳಿದ ಜಾಗವನ್ನೆಲ್ಲ ವದಂತಿ ತುಂಬಿತ್ತು. ಅಂದು ಕೈಯಲ್ಲಿ ಮೊಬೈಲು ಇರಲಿಲ್ಲ, ಆದರೂ ಬಸ್ಸಿನ ನಿರ್ವಾಹಕನೊಬ್ಬ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನದೊಳಗೆ ತಾಲ್ಲೂಕನ್ನೆಲ್ಲ ಸುತ್ತಿ ಬರುತ್ತಿತ್ತು. 'ಬಿಡುಗಡೆಯಾಯಿತಂತೆ' ಎಂಬ ಸುದ್ದಿಗೆ ನಮ್ಮ ಬೀದಿಯಲ್ಲಿ ಎರಡು ಬಾರಿ ಪಟಾಕಿ ಹಾರಿಸಿದ ನೆನಪಿದೆ, ನಿಜವಾದ ಬಿಡುಗಡೆಗೆ ಮುನ್ನವೇ. ಎರಡು ವರ್ಷಗಳ ಬಳಿಕ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ಅದೇ ಕಾಡುಗಳ್ಳ ಹೊತ್ತೊಯ್ದಾಗ ಆ ಸಂತೋಷದ ಪಟಾಕಿಗೂ ಅವಕಾಶವಾಗಲಿಲ್ಲ. 2002ರ ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು. ಒಂದು ವಿಚಿತ್ರ ಕಾಕತಾಳೀಯವನ್ನು ಇಲ್ಲಿ ಹೇಳಬೇಕು. ರಾಜಕುಮಾರರು ಕಾಡಿನಲ್ಲಿದ್ದ ದಿನಗಳಲ್ಲಿಯೇ, 2000ದ ಅಕ್ಟೋಬರ್ 17ರಂದು, ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದಿತು. ಅಂದು ನಮ್ಮಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಒಬ್ಬ ಅಪಹರಣಕಾರ ಮೀಸೆ ಬಿಟ್ಟುಕೊಂಡು ಕಾಡಿನಲ್ಲಿ ಕುಳಿತಿದ್ದಾಗ, ಗುರುತೇ ಇಲ್ಲದ ಅಪಹರಣಕಾರರಿಗಾಗಿ ಕಾನೂನು ಹುಟ್ಟುತ್ತಿತ್ತು.

ವದಂತಿ ಮೊಬೈಲಿಗೆ ಬಂದ ಮೇಲೆ ಪಟಾಕಿಗೆ ನಿಲ್ಲಲಿಲ್ಲ, ಪ್ರಾಣಕ್ಕೇ ಬಂದಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳ ಕಾರಣದಿಂದ 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಒಬ್ಬ ಕೂಲಿಕಾರನನ್ನೂ, ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ತಂತ್ರಜ್ಞನನ್ನೂ ಜನರು ಹೊಡೆದು ಕೊಂದರು. ಮುರ್ಕಿಯ ಘಟನೆಯ ಮೂಲದಲ್ಲಿದ್ದದ್ದು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಸಂಗತಿ. ಇಂತಹ ಸಾವುಗಳ ಸರಣಿಯ ಬಳಿಕವೇ ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ಹಾಕಿದ್ದು.

ನಮ್ಮ ಬಂಡೀಪುರದ ವಿಷಯ ಬೇರೆ ರೀತಿಯದು. 2025ರ ಆಗಸ್ಟಿನಲ್ಲಿ ಅರಣ್ಯದ ರಸ್ತೆಯಲ್ಲಿ ಆನೆಯೊಡನೆ ಚಿತ್ರ ತೆಗೆದುಕೊಳ್ಳಲು ಹೋದವರೊಬ್ಬರು ಅದರ ಕಾಲಿಗೆ ಸಿಕ್ಕಿ, ಪುಣ್ಯದಿಂದ ಬದುಕಿ, 25 ಸಾವಿರ ರೂಪಾಯಿ ದಂಡ ತೆತ್ತರು. ಆ ದೃಶ್ಯವನ್ನು ನಮ್ಮ ಮನೆಯ ಮಕ್ಕಳು ಊಟದ ನಡುವೆ ನೂರು ಬಾರಿ ನೋಡಿ ನಕ್ಕರು. 2009ರಿಂದ ಆ ಕಾಡಿನ ರಸ್ತೆಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧದ ಕಾವಲಿದೆ. ನಮ್ಮ ಮನೆಗಳ ಮೊಬೈಲಿಗೆ ಅಂತಹ ಕಾವಲನ್ನು ಯಾವ ಜಿಲ್ಲಾಧಿಕಾರಿ ಹಾಕಬೇಕೋ!

ಇನ್ನು ಅಣ್ಣನವರ ಹಣ ಎಲ್ಲಿ ಹೋಯಿತು ಎಂಬ ವಿಚಾರ. ದೂರು ಕೊಡಲು ಹೋದಾಗ ಪೊಲೀಸರು ತಾಳ್ಮೆಯಿಂದ ವಿವರಿಸಿದರು. ಹೀಗೆ ಹೋಗುವ ಹಣ ಮೊದಲು ಯಾರೋ ಬಡವನ ಅಥವಾ ಕಾಲೇಜು ಹುಡುಗನ ಖಾತೆಗೆ ಹೋಗುತ್ತದೆ. ಸ್ವಲ್ಪ ಕಮಿಷನ್ ಆಸೆಗೆ ತನ್ನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮುಗಳನ್ನು ಬಾಡಿಗೆಗೆ ಕೊಟ್ಟವನು ಅವನು. ಅಲ್ಲಿಂದ ಕೆಲವೇ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಒಡೆದು ಹಂಚಿ, ಕೊನೆಗೆ ನಗದಾಗಿಯೋ ಕ್ರಿಪ್ಟೋ ನಾಣ್ಯವಾಗಿಯೋ ಮಾಯವಾಗುತ್ತದೆ. ಆದುದರಿಂದ ಮೊದಲ ಒಂದೆರಡು ಗಂಟೆಗಳೇ ಮುಖ್ಯ. 1930 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಣ ಇನ್ನೂ ದಾರಿಯಲ್ಲಿರುವ ಖಾತೆಯನ್ನು ಬ್ಯಾಂಕು ತಡೆಹಿಡಿಯಲು ಸಾಧ್ಯ. ಈ ವ್ಯವಸ್ಥೆ 2021ರಲ್ಲಿ 155260 ಎಂಬ ಸಂಖ್ಯೆಯಿಂದ ಆರಂಭವಾಗಿ ಬಳಿಕ 1930 ಆಯಿತು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇದಕ್ಕೆಂದೇ 'ಸೆನ್' ಪೊಲೀಸ್ ಠಾಣೆಗಳಿವೆ. ಅಣ್ಣನವರು ಕಳೆದುಕೊಂಡದ್ದು ಎಂಟು ಲಕ್ಷ ಮಾತ್ರವಲ್ಲ, ಆ ಮೂರು ವಾರಗಳನ್ನು. 'ಊರಿನಲ್ಲಿ ನಗುತ್ತಾರೆ' ಎಂಬ ಭಯಕ್ಕೆ ಅವನ್ನು ಕೊಟ್ಟರು. ಒಂದು ಖಾತೆಯಲ್ಲಿ ಉಳಿದಿದ್ದ ನಲವತ್ತು ಸಾವಿರದಷ್ಟು ಹಣ ಮಾತ್ರ ತಡೆಗೆ ಸಿಕ್ಕಿತು. ಅದು ನ್ಯಾಯಾಲಯದ ಆದೇಶವಾಗಿ ಕೈಸೇರಲು ತಿಂಗಳುಗಳೇ ಹಿಡಿದವು.

ಪರದೆಯ ಮೇಲೆ ಕಂಡ ಆ 'ಅಧಿಕಾರಿ' ಯಾವ ದೇಶದಲ್ಲಿ ಕುಳಿತಿದ್ದನೋ ಬಲ್ಲವರಿಲ್ಲ. 2025ರ ಮಾರ್ಚಿನಲ್ಲಿ ಮ್ಯಾನ್ಮಾರ್ ಗಡಿಯ ಇಂತಹ ವಂಚನೆಯ ಕೇಂದ್ರಗಳಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಸರ್ಕಾರ ವಿಮಾನದಲ್ಲಿ ಕರೆತಂದಿತು. ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದವರು ಅವರಲ್ಲಿ ಅನೇಕರು. ಅಣ್ಣನವರಿಗೆ ಈ ಸುದ್ದಿ ಓದಿ ಹೇಳಿದಾಗ 'ಅವನೂ ಯಾರೋ ಒಬ್ಬ ಮೇಷ್ಟರ ಶಿಷ್ಯನಿರಬೇಕು' ಎಂದಷ್ಟೇ ಅಂದರು.

ನಮ್ಮ ಕಾನೂನಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂಬುದೇ ಇಲ್ಲ. ಇದನ್ನು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ತಮ್ಮ ಆಕಾಶವಾಣಿ ಭಾಷಣದಲ್ಲಿ ಹೇಳಿದರು. ಅಣ್ಣನವರಿಗೆ ಅದು ಮೂರು ತಿಂಗಳು ತಡವಾಗಿತ್ತು. ಈಗ ಇನ್ನೊಂದು ಬಗೆ ಬಂದಿದೆ. ನಮ್ಮ ಸಮಾಜದ ಮನೆಗಳು ಗಮನಿಸಲೇಬೇಕಾದದ್ದು ಇದು. ಮಾಘ ಫಾಲ್ಗುಣಗಳಲ್ಲಿ ಲಗ್ನಪತ್ರಿಕೆಗಳೆಲ್ಲ ಮೊಬೈಲಿಗೇ ಬರುತ್ತವಷ್ಟೆ. ಅದೇ ರೂಪದಲ್ಲಿ, ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಅಕ್ಷರಗಳಿರುವ ಕಡತವೊಂದು ಬರುತ್ತದೆ. ಅದು ಪತ್ರಿಕೆಯಲ್ಲ, ಒಂದು ಯಂತ್ರ. ತೆರೆದು ಸ್ಥಾಪಿಸಿಕೊಂಡರೆ ಮೊಬೈಲಿಗೆ ಬರುವ ಬ್ಯಾಂಕಿನ ಒಟಿಪಿಯನ್ನು ಓದಿ ಕಳ್ಳನಿಗೆ ತಲುಪಿಸುತ್ತದೆ. ನಿಜವಾದ ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಇರುತ್ತದೆ, ಸ್ಥಾಪಿಸಿಕೊಳ್ಳಲು ಕೇಳುವುದಿಲ್ಲ. ಸಂದೇಹವಿದ್ದಲ್ಲಿ ಬೀಗರಿಗೆ ಒಂದು ಕರೆ ಮಾಡಿ ವಿಚಾರಿಸುವುದು ಮರ್ಯಾದೆಯ ಸಂಗತಿಯೇ.

ಕಳೆದ ಶಿವರಾತ್ರಿಯ ಜಾಗರಣೆಯಲ್ಲಿ, ಭಜನೆಯ ಮಧ್ಯದ ಬಿಡುವಿನಲ್ಲಿ, ಅಣ್ಣನವರು ತಾವಾಗಿಯೇ ಎದ್ದು ನಿಂತು ತಮ್ಮ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಖಾತೆಯ ಮೊತ್ತವನ್ನೂ ಮುಚ್ಚಿಡಲಿಲ್ಲ. ಯಾರೂ ನಗಲಿಲ್ಲ. ಮರುದಿನ ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಪಕ್ಕದ ಬೀದಿಯ ವೃದ್ಧೆಯೊಬ್ಬರು ಸೆರಗಿನಲ್ಲಿ ಮೊಬೈಲು ಸುತ್ತಿಕೊಂಡು ಬಂದರು. ವಿದ್ಯುತ್ ಬಿಲ್ಲು ಬಾಕಿಯಿದೆ, ಈ ರಾತ್ರಿಯೇ ದೀಪ ಹೋಗುತ್ತದೆ ಎಂದು ಸಂದೇಶ ಬಂದಿದೆಯಂತೆ. ಅಣ್ಣನವರು ಕನ್ನಡಕ ಹಾಕಿಕೊಂಡು, 'ಕೂತ್ಕೊಳಿ ತಾಯಿ, ಯಾವ ನಂಬರಿನಿಂದ ಬಂತು ಅಂತ ಮೊದಲು ನೋಡೋಣ' ಎಂದು ಜಗಲಿಯ ಮೇಲೆ ಚಾಪೆ ಬಿಡಿಸಿದರು.