ಬಜ್ಪೆಯ ಗುಡ್ಡದ ಮೇಲಿನ ರನ್‌ವೇ

ಮಂಗಳೂರಿಗೆ ವಿಮಾನದಲ್ಲಿ ಬಂದು, ಕಿಟಕಿ ಸೀಟು ಸಿಕ್ಕವರನ್ನು ಕೇಳಿ ನೋಡಿ. ಕೆಳಗೆ ತೋಟ, ಕಣಿವೆ, ಮತ್ತೆ ಕಣಿವೆ, ಇದ್ದಕ್ಕಿದ್ದಂತೆ ರನ್‌ವೇ ಅಂತಾರೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಇಂಥ ರನ್‌ವೇಗೆ ಟೇಬಲ್‌ಟಾಪ್ ಎಂದು ಹೆಸರು.

1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದಾಗ ನಿಲ್ದಾಣ ಆರಂಭವಾಯಿತು. ಆಗ ಮಂಗಳೂರು ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಹಳೇ ರನ್‌ವೇ ಉದ್ದ 1,615 ಮೀಟರ್, ದೊಡ್ಡ ಜೆಟ್‌ಗಳಿಗೆ ಸಾಲದು. ಹಾಗಾಗಿ ಗಲ್ಫ್‌ಗೆ ಹೊರಟವರು ಬಸ್ಸು ಹಿಡಿದು ಮುಂಬಯಿಗೆ ಹೋಗಿ ಅಲ್ಲಿಂದ ಹಾರಬೇಕಿತ್ತು. 2006ರಲ್ಲಿ 2,450 ಮೀಟರಿನ ಎರಡನೇ ರನ್‌ವೇ ಬಂತು, ಅದೇ ವರ್ಷ ದುಬೈಗೆ ನೇರ ವಿಮಾನವೂ ಬಂತು. ಕರಾವಳಿಗೆ ಇದು ಎಷ್ಟು ದೊಡ್ಡ ವಿಷಯ ಅನ್ನೋದು ಹೊರಗಿನವರಿಗೆ ಬೇಗ ಅರ್ಥವಾಗಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಬೋಯಿಂಗ್ 737 ಈ ಹೊಸ ರನ್‌ವೇಯನ್ನೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ.

‘ರನ್‌ವೇ ಗಿಡ್ಡ, ಅದಕ್ಕೇ ಹಾಗಾಯ್ತು’ ಅನ್ನುವ ಮಾತು ಈಗಲೂ ಕೇಳುತ್ತೆ. ತನಿಖಾ ವರದಿ ಹೇಳುವುದು ಬೇರೆ. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂತು. ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಸುಮಾರು 1,600 ಮೀಟರ್ ಕಳೆದ ಮೇಲೆ; ಮಿಕ್ಕಿದ್ದು 850 ಮೀಟರ್ ಚಿಲ್ಲರೆ. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೇವಲ್ಲ, ವೇಗ ಸ್ವಲ್ಪ ಹೆಚ್ಚಾದರೂ ಬ್ರೇಕಿನ ಮೇಲೆ ಬೀಳುವ ಹೊರೆ ಅದಕ್ಕಿಂತ ಜಾಸ್ತಿ ಹೆಚ್ಚುತ್ತೆ.

ಹಾಗಂತ ಗುಡ್ಡದ ಪಾಲು ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಬಯಲಿನಲ್ಲಿ ರನ್‌ವೇ ದಾಟಿದ ವಿಮಾನ ಮಣ್ಣಲ್ಲಿ ಹೂತು ನಿಲ್ಲಬಹುದು. ಇಲ್ಲಿ ತುದಿಯ ಸುರಕ್ಷಾ ಪಟ್ಟಿ ಮುಗಿದರೆ ಮುಂದೆ ಕಣಿವೆಯೇ. ಅಮೆರಿಕದ ಹಲವು ನಿಲ್ದಾಣಗಳಲ್ಲಿ ರನ್‌ವೇ ತುದಿಗೆ ಹಗುರವಾದ, ನೊರೆಯಂಥ ಕಾಂಕ್ರೀಟ್ ಹಾಸಿರುತ್ತಾರೆ. ಚಕ್ರ ಹತ್ತಿದರೆ ಅದು ಪುಡಿಯಾಗಿ ವಿಮಾನವನ್ನು ಹಿಡಿದು ನಿಲ್ಲಿಸುತ್ತೆ. ಜಾಗ ಕಮ್ಮಿ ಇರುವ ಕಡೆಗೇ ಹುಟ್ಟಿದ ಉಪಾಯ ಇದು. 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನ ಟೇಬಲ್‌ಟಾಪ್‌ನಲ್ಲೂ ಮಳೆಯಲ್ಲಿ ವಿಮಾನವೊಂದು ರನ್‌ವೇ ದಾಟಿ ಕೆಳಗೆ ಬಿತ್ತು.

ಮಳೆಗಾಲದಲ್ಲಿ ಬಜ್ಪೆಯ ಮೇಲೆ ಸುತ್ತು ಹೊಡೆದು, ಇಳಿಯದೆ ಬೇರೆ ಊರಿಗೆ ಹೋಗುವ ವಿಮಾನಗಳಿವೆ. ಹೊರಗೆ ಕಾಯುವ ಮನೆಯವರು ಗೊಣಗ್ತಾರೆ. ಈ ವರದಿ ಓದುವ ಮುಂಚೆ ನಾವೂ ಗೊಣಗಿದ್ದೇವೆ.