ಭೂಧರವೂ ಬಯಲಿನ ಅನ್ನವೂ

ಅನ್ನದ ಮುಂದೆ ಕುಳಿತಾಗ ಪರ್ವತವನ್ನು ನೆನೆಯುವ ವಾಡಿಕೆ ಗೃಹಸ್ಥರಾದ ನಮ್ಮಲ್ಲಿಲ್ಲ. ಒಕ್ಕಲಿಗನನ್ನು ನೆನೆಯುವೆವು, ಮಳೆರಾಯನನ್ನು ನೆನೆಯುವೆವು. ಆದರೆ ಸಿಂಧನೂರಿನ ಗದ್ದೆಯ ಅಕ್ಕಿ ಯಾರ ಮನೆಯ ಒಲೆಯ ಮೇಲೆ ಬೇಯುವುದೋ ಅವರೆಲ್ಲರೂ ದೂರದ ಸಹ್ಯಾದ್ರಿಗೆ ಋಣಿಗಳು. ಆ ಋಣದ ಲೆಕ್ಕವನ್ನು ಇಲ್ಲಿ ಕೊಂಚ ವಿಚಾರಿಸೋಣ.

ನಾವು ವಾಸಿಸುವ ಸಂತೆಕಲ್ಲೂರು ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಒಂದು ಗ್ರಾಮ. ‘ಕೃಷಿಜ್ಞಾನ ಪ್ರದೀಪಿಕೆ’ಯನ್ನು ರಚಿಸಿದ ಘನಮಠದ ನಾಗಭೂಷಣ ಶಿವಯೋಗಿಗಳಿಂದ ಈ ಊರಿಗೆ ಹೆಸರು. ಇಲ್ಲಿ ಮಳೆ ಅಲ್ಪ. ಬೆಟ್ಟವೆಂದರೆ ಬರಿಯ ಕಲ್ಲುಗುಡ್ಡ. ನಮ್ಮ ಸೀಮೆಯ ಎರಡು ನದಿಗಳೂ ಸಹ್ಯಾದ್ರಿಯ ಮಕ್ಕಳು. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ. ತುಂಗೆಯೂ ಭದ್ರೆಯೂ ಹುಟ್ಟುವುದು ಕುದುರೆಮುಖದ ಸಮೀಪದ ಗಂಗಾಮೂಲದಲ್ಲಿ.

ನಾವು ಉಪಾಧ್ಯಾಯರಾಗಿದ್ದಾಗ ಒಂದು ದಿನ ಭೂಪಟವನ್ನು ತೂಗುಹಾಕಿ, ರಾಜ್ಯಕ್ಕೊಂದು ಬಣ್ಣವೆಂದು ತೋರಿಸುತ್ತಿದ್ದೆವು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸರ್, ಈ ಹೊಳಿ ಯಾವ ರಾಜ್ಯದ್ದ್ರೀ?” ಎಂದನು. ತರಗತಿ ನಕ್ಕಿತು. ನಮಗೆ ಮಾತ್ರ ತಟ್ಟನೆ ಉತ್ತರ ಹೊಳೆಯಲಿಲ್ಲ.

ಉತ್ತರವನ್ನು ಹಿರಿಯರು ಒಂದು ಮಟ್ಟಿಗೆ ಮೊದಲೇ ಕೊಟ್ಟಿದ್ದರು. ಹೊಳೆಯ ಒಂದು ದಡ ಹೈದರಾಬಾದು ಸಂಸ್ಥಾನಕ್ಕೂ ಇನ್ನೊಂದು ದಡ ಮದರಾಸು ಪ್ರಾಂತಕ್ಕೂ ಸೇರಿದ್ದ ಕಾಲದಲ್ಲಿ, 1945ರಲ್ಲಿ, ಎರಡು ಸರಕಾರಗಳೂ ಕೂಡಿ ಹೊಸಪೇಟೆಯ ಬಳಿ ಅಣೆಕಟ್ಟೆಗೆ ಅಸ್ತಿಭಾರವಿಟ್ಟವು. 1953ರಲ್ಲಿ ತುಂಗಭದ್ರಾ ಮಂಡಳಿ ಸ್ಥಾಪಿತವಾಯಿತು. ರಾಜ್ಯಗಳ ಎಲ್ಲೆಗಳು ಅನೇಕ ಸಾರಿ ಬದಲಾದವು, ಮಂಡಳಿ ಉಳಿಯಿತು. ಈಗ ಕರ್ನಾಟಕ, ಆಂಧ್ರ, ತೆಲಂಗಾಣಗಳು ಅದರಲ್ಲಿ ಪಾಲುಗಾರರು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ನಮ್ಮ ಸೀಮೆಯ ಮನೆಮನೆಯಲ್ಲಿಯೂ ಅಂದು ನಿದ್ರೆಯಿಲ್ಲ. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸಿ ಒಂದು ವಾರದೊಳಗೆ ಪ್ರವಾಹವನ್ನು ತಡೆದರು. ಆಗ ನೀರು ಯಾವ ರಾಜ್ಯದ್ದೆಂದು ಯಾರೂ ಕೇಳಲಿಲ್ಲ.

ಆ ನಷ್ಟ ಎಲ್ಲರ ಕಣ್ಣಿಗೂ ಬಿದ್ದಿತು. ಕಣ್ಣಿಗೆ ಬೀಳದ ನಷ್ಟವೊಂದುಂಟು. ಕಟ್ಟಿದಾಗ ಜಲಾಶಯದ ಧಾರಣಶಕ್ತಿ ಸುಮಾರು 133 ಟಿ.ಎಂ.ಸಿ. ಇದ್ದಿತು, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2016ರ ಅಳತೆಯಲ್ಲಿ ಅದು ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿರುವುದು ಕಂಡುಬಂದಿತು. ಐದರಲ್ಲಿ ಒಂದು ಪಾಲನ್ನು ಹೂಳು ನುಂಗಿದೆ. ಬಾಗಿಲು ಹೋದುದು ಒಂದು ರಾತ್ರಿಯಲ್ಲಿ. ಹೂಳು ಬಂದುದು ಅರುವತ್ತು ವರ್ಷಗಳಲ್ಲಿ, ಸದ್ದಿಲ್ಲದೆ.

ಸಂಸ್ಕೃತದಲ್ಲಿ ಪರ್ವತಕ್ಕೆ ‘ಭೂಧರ’ವೆಂದು ಹೆಸರು, ಭೂಮಿಯನ್ನು ಹಿಡಿದುಕೊಂಡಿರುವುದೆಂದು ಅರ್ಥ. ‘ಅಚಲ’ವೆಂದೂ ಹೆಸರುಂಟು. ಬೇರುಗಳು ಮಣ್ಣನ್ನು ಹಿಡಿದಿರುವವರೆಗೆ ಬೆಟ್ಟವು ಭೂಧರ. ಕಾಡನ್ನು ಕಡಿದು, ಒಡಲನ್ನು ಬಗೆದರೆ, ಅಚಲವು ಚಲವಾಗಿ ಮಳೆಗಾಲದಲ್ಲಿ ನಮ್ಮ ಜಲಾಶಯದ ಕಡೆಗೆ ನಡೆದುಬರುವುದು. ಬಯಲಿನ ಹೊಲಗಳ ಮಣ್ಣೂ ಅದರೊಡನೆ ಕೂಡಿಬರುವುದು. ಕುದುರೆಮುಖದ ಅದಿರಿನ ಗಣಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ನಿಂತಿತು. ಭದ್ರೆಗೆ ಹರಿಯುವ ಮಣ್ಣು ಅಲ್ಲಿಯ ವಾದದ ಮುಖ್ಯ ವಿಷಯಗಳಲ್ಲಿ ಒಂದು. ಬಳ್ಳಾರಿ ಸೀಮೆಯ ಗಣಿಗಳನ್ನು ಅದೇ ನ್ಯಾಯಾಲಯವು 2011ರಲ್ಲಿ ತಡೆಯಿತು. ಆಂಧ್ರದ ಅಂಚಿನಲ್ಲಿ ಎರಡು ರಾಜ್ಯಗಳ ಗಡಿರೇಖೆಯನ್ನೇ ಮತ್ತೆ ಅಳೆಯಬೇಕಾಗಿ ಬಂದಿತು. ಅನಂತರ ಗಣಿಗಳು ಕಟ್ಟುಪಾಡಿಗೊಳಪಟ್ಟು ಪುನಃ ನಡೆದಿವೆ.

ನೀರನ್ನು ಹಂಚಿಕೊಳ್ಳಲು ನಮಗೊಂದು ಮಂಡಳಿಯುಂಟು. ನೀರನ್ನು ಕೊಡುವ ಬೆಟ್ಟವನ್ನು ಕೂಡಿ ಕಾಯಲು ಅಂಥ ಏರ್ಪಾಡು ಬೇಡವೆ? ಇದು ಕನಸಿನ ಮಾತಲ್ಲ. ಆಲ್ಪ್ಸ್ ಪರ್ವತಗಳ ಕುರಿತು 1991ರಲ್ಲಿ ಆದ ಒಪ್ಪಂದದಲ್ಲಿ ಇಂದು ಯೂರೋಪಿನ ಎಂಟು ದೇಶಗಳು ಸೇರಿವೆ. ಹಿಮಾಲಯ ಮತ್ತು ಹಿಂದೂಕುಶಗಳಿಗಾಗಿ 1983ರಿಂದ ಕಠ್ಮಂಡುವಿನಲ್ಲಿ ಒಂದು ಸಂಸ್ಥೆ ನಡೆದಿದೆ. ತಮ್ಮೊಳಗೆ ಮನಸ್ತಾಪವುಳ್ಳ ಭಾರತ, ಚೀನಾ, ಪಾಕಿಸ್ತಾನಗಳೂ ಅದರ ಎಂಟು ಸದಸ್ಯ ದೇಶಗಳಲ್ಲಿ ಸೇರಿವೆ. ನಮ್ಮಲ್ಲಿಯೇ 1986ರಲ್ಲಿ ಕರ್ನಾಟಕ, ಕೇರಳ, ತಮಿಳುನಾಡುಗಳ 5520 ಚದರ ಕಿಲೋಮೀಟರು ನೆಲವನ್ನು ನೀಲಗಿರಿ ಜೀವಗೋಲ ರಕ್ಷಿತ ಪ್ರದೇಶವೆಂದು ಸಾರಿದರು. ಬಂಡೀಪುರದ ಆನೆ ಮುದುಮಲೆಗೆ ಹೋಗುವಾಗ ಯಾರ ಅಪ್ಪಣೆಯನ್ನೂ ಬೇಡದು. ಅದನ್ನು ಕಾಯುವವರು ಮಾತ್ರ ಪರಸ್ಪರ ಮಾತನಾಡಲೇಬೇಕು.

ಹಾಗಾದರೆ ಸಹ್ಯಾದ್ರಿಯಲ್ಲಿ ತಡವೇಕೆ? ಕಸ್ತೂರಿರಂಗನ್ ಸಮಿತಿಯ 2013ರ ವರದಿಯು ಆರು ರಾಜ್ಯಗಳ ಘಟ್ಟವನ್ನು ಒಂದೇ ದೃಷ್ಟಿಯಿಂದ ನೋಡಿತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲ ಅದನ್ನು ತಿರಸ್ಕರಿಸಿತು. ಬಯಲಿನವರಾದ ನಾವು ಘಟ್ಟದವರನ್ನು ಹಳಿಯುವುದು ಸುಲಭ. ಆದರೆ ಅವರ ಅಂಗಳದಲ್ಲಿ ನಿಂತು ಯೋಚಿಸಬೇಕು. ಅಡಕೆಯ ತೋಟ, ಮನೆಯ ದಾರಿ, ಮಗನ ಉದ್ಯೋಗ, ಇವೆಲ್ಲಕ್ಕೂ ಎಲ್ಲಿ ಅಡ್ಡಿ ಬರುವುದೋ ಎಂಬ ಭಯ ಅವರದು. ಕಾಡು ಉಳಿದರೆ ಲಾಭ ಹೊಸಪೇಟೆಯ ಕೆಳಗಿನ ಮೂರು ರಾಜ್ಯಗಳಿಗೆ. ಕಷ್ಟ ಮಾತ್ರ ಬೆಟ್ಟದವನೊಬ್ಬನಿಗೆ. ಇದು ನ್ಯಾಯವಲ್ಲ. ನೀರುಂಡವರು ಬೆಟ್ಟದವನ ಬಾಳಿಗೆ ಒಂದು ಪಾಲು ಕೊಡುವುದೇ ಒಳ್ಳೆಯ ಒಪ್ಪಂದದ ಮೊದಲ ಸಾಲಾಗಬೇಕೆಂದು ನಮ್ಮ ಅಭಿಪ್ರಾಯ.

ಹೀಗೆ ಹೇಳುವ ನಮಗೆ ಯೋಗ್ಯತೆ ಉಂಟೆ? ಎಡದಂಡೆ ಕಾಲುವೆಯ ಮೇಲ್ಭಾಗದವರು ಹಗಲಿರುಳೂ ನೀರೆಳೆದು ಭತ್ತ ಬೆಳೆಯುವರು. ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ರೈತನು ಒಣಗಿದ ಕಾಲುವೆಯ ದಂಡೆಯಲ್ಲಿ ನಿಂತಿರುವನು. ಅವನೂ ನಮ್ಮ ಜಿಲ್ಲೆಯವನೇ. ನಡುವೆ ಯಾವ ರಾಜ್ಯದ ಗಡಿಯೂ ಇಲ್ಲ. ಒಂದೇ ಕಾಲುವೆಯ ಮೇಲಿನವನೂ ಕೆಳಗಿನವನೂ ಕೂಡಿ ಬಾಳಲಾರದಿದ್ದರೆ, ರಾಜ್ಯಗಳಿಗೆ ಬುದ್ಧಿ ಹೇಳುವ ಬಾಯಿ ನಮಗೆಲ್ಲಿಂದ ಬಂದೀತು? ಹೊಲಕ್ಕೆ ಒಡ್ಡು ಹಾಕಿ ಮಣ್ಣನ್ನು ಉಳಿಸುವುದು, ತನ್ನ ಸರದಿ ಮುಗಿದೊಡನೆ ತೂಬನ್ನು ಮುಚ್ಚುವುದು, ಇವು ನಮ್ಮ ಕೈಯಲ್ಲಿಯೇ ಇರುವ ಒಪ್ಪಂದಗಳು.

ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಸಿಕ್ಕಿದರೆ ಹೇಳುವೆವು: ಹೊಳೆಯು ಮೇಲೆ ಅದನ್ನು ಕಾಯುವವನದೂ ಹೌದು, ಕೆಳಗೆ ಅದಕ್ಕಾಗಿ ಕಾದಿರುವವನದೂ ಹೌದು.